ಹಾರ ಕಾಯುತ್ತಿದ್ದ ಪಟ

ಹೊಳೆದಂಡೆಯ ಗವಿಯೊಂದರಲ್ಲಿ ಫೋಟೋ ತೊಳೆಯುವ ಅಜ್ಜನೊಬ್ಬ ಇದ್ದ. ಮಲ್ಹಾರಿ ಅವನ ಶಿಷ್ಯ.

ಮಂಜು ಕವಿದ ಒಂದು ಬೆಳಗ್ಗೆ ಮಲ್ಹಾರಿಯ ಅಣ್ಣ ಹರಿಗೋಲು ಹತ್ತಿ ಹೊರಟ. ದಂಡೆಯಲ್ಲಿ ನಿಂತು ಮಲ್ಹಾರಿ ಒಂದು ಫೋಟೋ ತೆಗೆದ.

ಹರಿಗೋಲು ಆಚೆ ದಡ ಮುಟ್ಟಲಿಲ್ಲ. ಈಚೆಗೂ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಮನೆಯಲ್ಲಿ ಅವ್ವ ಹಾರ ಕಟ್ಟಿಟ್ಟುಕೊಂಡು ಕೂತಳು. ಪಟಕ್ಕೆ ಹಾರ ಹಾಕಿದರೆ ಮಗ ಸತ್ತ ಹಾಗೆ. ಹಾಕದಿದ್ದರೆ ಇದ್ದ ಹಾಗೆ.

"ಅವನ ಮುಖ ತಗೊಂಬಾ. ನೋಡಿ ಹೇಳ್ತೀನಿ" ಅಂದಳು.

ಗವಿಯ ಕೆಂಪು ದೀಪದಡಿ ಮಲ್ಹಾರಿ ಆ ಬೆಳಗಿನ ಫೋಟೋ ತೊಳೆಯಲು, ಕಪ್ಪು ಬಿಳುಪನ್ನಷ್ಟೇ ತೋರುವ ಗಡಸು ಕಾಗದ ಹಿಡಿದ. ಕಪ್ಪು ಇದ್ದಿಲಿನಂತೆ, ಬಿಳುಪು ಸುಣ್ಣದಂತೆ ಎದ್ದು ಬಂತು. ಅಣ್ಣನ ಕಣ್ಣಿದ್ದಲ್ಲಿ ಎರಡು ಗುಂಡಿ.

"ಸತ್ತಿದ್ದಾನೆ ಅಜ್ಜಾ."

"ಇನ್ನೊಂದು ತೊಳಿ."

ಈ ಸಲ ಕಾಗದವನ್ನು ಚಿತ್ರ ಮೂಡಿಸುವ ಮದ್ದಿನಿಂದ ಬೇಗ ಎತ್ತಿದ. ಹರಿಗೋಲು ಬಂತು. ಅದರಲ್ಲಿ ಯಾರೂ ಇರಲಿಲ್ಲ.

"ಮೊದಲು ಕೊಂದೆ, ಆಮೇಲೆ ಹರಿಗೋಲಿಂದ ಇಳಿಸಿಯೇ ಬಿಟ್ಟೆ. ಒಡಹುಟ್ಟಿದವನು ಅಂತ ಒಂಚೂರು ದಾಕ್ಷಿಣ್ಯ ಬೇಡವೇನೋ?" ಅಂದ ಅಜ್ಜ.

"ನಾನೇನು ಮಾಡ್ಲಿ? ಎಲ್ಲಾ ಕಡೆ ಮಂಜು, ಬರೀ ಬೂದಿಬಣ್ಣ. ಅದನ್ನ ತೆಗೆದರೆ ತಾನೆ ಮುಖ ಕಾಣೋದು?"

ಅಜ್ಜ ಎದ್ದ. ಒಂದು ತಂಬಿಗೆ ಹೊಳೆನೀರು ತಂದು ತಟ್ಟೆಯಲ್ಲಿದ್ದ ಮದ್ದಿಗೆ ಸುರಿದ. ಮೆದು ಕಾಗದವೊಂದನ್ನು ಅದರಲ್ಲಿ ಮಲಗಿಸಿದ.

"ಕೈಕಟ್ಟಿ ಕೂತ್ಕೋ."

ತೆಳುವಾದ ಮದ್ದಿನಲ್ಲಿ ಕಾಗದ ಬಹಳ ಹೊತ್ತು ಖಾಲಿಯೇ ಇತ್ತು. ಹೊರಗೆ ಹೊಳೆಯ ಸದ್ದು ನಿಂತಂತಾಯಿತು.

ಆಮೇಲೆ ಬೂದಿಬಣ್ಣ. ಆ ಬೂದಿಯೊಳಗೆ ಇನ್ನೊಂದು ಬೂದಿ. ಅದರೊಳಗಿಂದ ಅಣ್ಣನ ಕೆನ್ನೆ, ಚಳಿಗೆ ಮುದುಡಿದ ಭುಜ, ಏನೋ ಹೇಳಲು ತೆರೆದ ತುಟಿ. ಮಂಜು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು, ಗೆರೆಯೇ ಇರಲಿಲ್ಲ.

ಕಡೆಗೆ ಕಣ್ಣು ಬಂತು. ಅದು ನೆಟ್ಟಗೆ ಮಲ್ಹಾರಿಯನ್ನೇ ನೋಡುತ್ತಿತ್ತು.

ಅವನ ಕೈ ಗಟ್ಟಿ ಮದ್ದಿನ ಬಾಟಲಿಗೆ ಹೋಯಿತು. "ಇನ್ನೊಂಚೂರು ಕಪ್ಪಾದರೆ ಗೊತ್ತಾಗುತ್ತೆ."

ಅಜ್ಜ ಮಣಿಕಟ್ಟು ಹಿಡಿದ. ಆ ಹಿಡಿತ ಹೊಳೆನೀರಿನಷ್ಟು ತಣ್ಣಗಿತ್ತು.

"ಹಂಗಾರೆ ನೀನೇ ಹೇಳು ಅಜ್ಜಾ. ಅವ್ವ ಹಾರ ಹಿಡ್ಕೊಂಡು ಕೂತಿದಾಳೆ. ಇವನು ಸತ್ತಿದ್ದಾನೋ, ಬದುಕಿದ್ದಾನೋ?"

ಅಜ್ಜ ತಟ್ಟೆಯ ಮೇಲೆ ಬಗ್ಗಿ, ಕಾಗದದ ಆ ತುಟಿಗಳ ಹತ್ತಿರ ಕಿವಿಯಿಟ್ಟ.

"ದಂಡೆ ಮೇಲೆ ನಿಂತ ನಿನ್ನನ್ನ ನೋಡಿ ಇವನೂ ನಿನ್ನ ಬಗ್ಗೆ ಅದನ್ನೇ ಕೇಳ್ತಿದ್ದಾನೆ."