ಶುಕ್ರವಾರದ ಚೀಲ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಗಾಣದ ಮೇಲೆ ಆಣೆ, ಗಾಣ ಎಳೆಯುವ ಎತ್ತಿನ ಮೇಲೆ ಆಣೆ. ಎತ್ತಿಗೆ ವಯಸ್ಸಾಗಿದೆ, ಅದರ ಮೇಲೆ ಸುಳ್ಳು ಆಣೆ ಇಡುವಷ್ಟು ಕಲ್ಲೆದೆ ನನ್ನದಲ್ಲ.

“ಮಾಸ್ತರರೇ, ಕೊಡುವವರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?”

ಕೇಳಿದವನು ನಾನು, ಬುನಾಜಿ. ಕೇಳಿದ್ದು ರಹಮಿಮ್ ಮಾಸ್ತರರನ್ನು. ಕೊಂಕಣದ ಕಡಲ ದಂಡೆಯ ನಮ್ಮ ಪೇಟೆಯಲ್ಲಿ ಯೆಹೂದಿ ಮನೆಗಳು ಮೂವತ್ತೋ ಮೂವತ್ತೈದೋ ಇವೆ. ನಾವು ಎಣ್ಣೆ ತೆಗೆಯುವವರು. ಶನಿವಾರ ನಮಗೆ ಸಬ್ಬತ್. ಅಂದು ಗಾಣ ನಿಲ್ಲುತ್ತದೆ, ಎತ್ತಿಗೂ ರಜೆ. ಸುತ್ತಲಿನ ಊರುಗಳ ಎತ್ತುಗಳೆಲ್ಲ ಮುಂದಿನ ಜನ್ಮದಲ್ಲಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಬೇಕೆಂದು ಬೇಡಿಕೊಳ್ಳುತ್ತವೆ ಎಂದು ನನ್ನ ಎತ್ತೇ ನನಗೆ ಹೇಳಿದೆ.

ನಮ್ಮದೇ ಒಂದು ಶಾಲೆಯೂ ಇದೆ. ಅದು ಶುರುವಾದ ದಿನದಿಂದ ಮಾಸ್ತರರು ಅಲ್ಲಿ ಕಲಿಸುತ್ತಿದ್ದಾರೆ. ನನಗೂ ಅವರೇ ಕಲಿಸಿದರು. ಅವರ ಶಿಷ್ಯರಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿಲ್ಲ. ಇದು ಅವರಿಗೂ ಗೊತ್ತು. ಉಳಿದವರಿಗೆ ಬೇಸರವಾದೀತೆಂದು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆ ವರ್ಷ ಶಾಲೆಗೆ ಐವತ್ತು ತುಂಬಿತು. ಬಾಗಿಲ ಬಳಿ ಒಂದು ಬಿಳಿ ಕಲ್ಲು ನಿಲ್ಲಿಸಿ, ಶಾಲೆಗೆ ಕೊಟ್ಟವರ ಹೆಸರುಗಳನ್ನು ಅದರ ಮೇಲೆ ಕೆತ್ತಿಸಬೇಕೆಂದು ಹಿರಿಯರು ತೀರ್ಮಾನಿಸಿದರು. ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ಮಾಸ್ತರರು ಹೇಳಬೇಕು. ಕಲ್ಲು ಬಂದಿತ್ತು. ಕೆತ್ತುವವನೂ ಬಂದಿದ್ದ. ನನ್ನ ಮನೆಯಲ್ಲೇ ಉಂಡು, ನನ್ನ ಅಂಗಳದಲ್ಲೇ ಕೂತು ಉಳಿ ಮಸೆಯುತ್ತಿದ್ದ.

ನಾನು ಕೊಟ್ಟದ್ದೇನು ಕಡಿಮೆಯೇ? ಶಾಲೆಯ ಬೆಂಚುಗಳು ನನ್ನವು. ದೀಪದ ಎಣ್ಣೆ ನನ್ನದು. ಗಂಟೆ ನನ್ನದು, ಅದನ್ನು ಬಾರಿಸಿದರೆ ಕಡಲಿನಲ್ಲಿ ದೋಣಿಗಳು ದಿಕ್ಕು ಬದಲಿಸುತ್ತವೆ. ಇನ್ನು ಶುಕ್ರವಾರದ ಕೋಣೆಗೆ ನಾನು ಕೊಟ್ಟದ್ದನ್ನು ಹೇಳಲು ಹೊರಟರೆ ಮಾತು ಮುಗಿಯುವುದಿಲ್ಲ.

ಆ ಕೋಣೆಯ ವಿಷಯ ಮಾತ್ರ ಹೇಳಲೇಬೇಕು. ಶಾಲೆಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಬಾಗಿಲಿಗೆ ದಪ್ಪನೆಯ ಪರದೆ. ಶುಕ್ರವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಾರೆ. ಪ್ರತಿ ಮಗುವೂ ಬಟ್ಟೆಯ ಚೀಲ ಹಿಡಿದು ಒಂಟಿಯಾಗಿ ಒಳಗೆ ಹೋಗಬೇಕು. ಒಳಗೆ ಉದ್ದನೆಯ ಹಲಗೆ. ಇದ್ದವರ ಮಕ್ಕಳು ತಂದದ್ದನ್ನು ಅದರ ಮೇಲೆ ಇಡುತ್ತಾರೆ. ಇಲ್ಲದವರ ಮಕ್ಕಳು ಸಬ್ಬತ್ ಊಟಕ್ಕೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಹೋಗುವಾಗಲೂ ಕೈಯಲ್ಲಿ ಚೀಲ, ಬರುವಾಗಲೂ ಕೈಯಲ್ಲಿ ಚೀಲ. ಯಾರು ಇಟ್ಟರು, ಯಾರು ತೆಗೆದರು ಎಂದು ಯಾರೂ ಕೇಳುವುದಿಲ್ಲ. ನಾನು ಓದುವಾಗ ಆ ಕೋಣೆಗೆ ಇಡಲು ಹೋದವನೇ ಹೊರತು ತೆಗೆಯಲು ಹೋದವನಲ್ಲ. ಅಂಥ ಮನೆತನ ನಮ್ಮದು. ಮೂರನೆಯ ತರಗತಿಯಲ್ಲಿದ್ದಾಗಲೇ ನಾನು ಶಾಲೆಯಿಂದ ಕೋಟು ತೊಟ್ಟು ಮನೆಗೆ ಬರುತ್ತಿದ್ದೆ. ಇಡೀ ಪೇಟೆಯಲ್ಲಿ ಕೋಟಿದ್ದ ಹುಡುಗ ನಾನೊಬ್ಬನೇ.

ಆದ್ದರಿಂದ ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳಿದ್ದೆ. ಮೂರೇ ಅಕ್ಷರದ ಉತ್ತರ.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕೂತುಕೋ ಬುನಾಜಿ,” ಎಂದರು. ನಾನು ನನ್ನದೇ ಬೆಂಚಿನ ಮೇಲೆ ಕೂತೆ. ಅವರು ಹೇಳಿದ್ದು ಇದು.

ಇನ್ನೊಂದು ಊರಿನಲ್ಲಿ ನಮ್ಮದರಂಥದೇ ಒಂದು ಶಾಲೆ ಇತ್ತು. ಅಲ್ಲೂ ಇಂಥದೇ ಕತ್ತಲೆ ಕೋಣೆ. ಅಲ್ಲೂ ಶುಕ್ರವಾರದ ಚೀಲ.

ಆ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ದೂರದ ಬಂದರುಗಳಲ್ಲಿ ಬಹಳ ವರ್ಷ ವ್ಯಾಪಾರ ಮಾಡಿ ಊರಿಗೆ ಮರಳಿದ್ದ. ಒಳ್ಳೆಯ ಮನುಷ್ಯ. ಕೊಡುವುದೆಂದರೆ ಅವನಿಗೆ ಪ್ರೀತಿ. ಒಂದು ದಿನ ಅವನು ಶಾಲೆ ನೋಡಲು ಬಂದ. ಪರದೆ ಸರಿಸಿ ಕೋಣೆಯೊಳಗೆ ಇಣುಕಿದ. ಕತ್ತಲೆ. ಹಲಗೆಯ ಮೇಲೆ ಧೂಳು. ಖರ್ಜೂರಕ್ಕೆ ಇರುವೆ ಹತ್ತಿತ್ತು. ಅರ್ಧ ಹಲಗೆ ಖಾಲಿ ಇತ್ತು.

ಜನ ಮನಸ್ಸಿಟ್ಟು ಕೊಟ್ಟ ವಸ್ತುವಿಗೆ ಇಷ್ಟೇ ಮರ್ಯಾದೆಯೇ ಎಂದು ಅವನಿಗೆ ನೋವಾಯಿತು.

ಅವನು ಗೋಡೆ ಒಡೆಸಿ, ಅಂಗಳದ ಕಡೆಗೆ ದೊಡ್ಡ ಕಿಟಕಿ ಇಡಿಸಿದ. ಅದಕ್ಕೆ ಗಾಜು ಹಾಕಿಸಿದ. ಬಾಗಿಲ ಪರದೆ ತೆಗೆಸಿದ. ಒಳಗೆ ಸುಣ್ಣ ಬಳಿಸಿದ. ಹಲಗೆಯ ಅಂಚಿಗೆ, ಬುಟ್ಟಿಗೆ, ಭರಣಿಗೆ ಕೊಟ್ಟವರ ಹೆಸರಿನ ಚೀಟಿ ಅಂಟಿಸಿದ. ಈ ಅಕ್ಕಿ ಇಂಥವರದು. ಈ ಜೇನು ಇಂಥವರದು. ಶಾಲೆಯ ಹಿರಿಯರು ಬೇಡವೆನ್ನಲಿಲ್ಲ. ಬೆಳಕನ್ನು ಬೇಡವೆನ್ನುವುದು ಹೇಗೆ?

ಕೊಡುವವರು ಹೆಚ್ಚಿದರು. ಒಂದು ಮನೆಯವರು ಒಂದು ಭರಣಿ ಜೇನು ಕೊಟ್ಟರೆ ಪಕ್ಕದ ಮನೆಯವರು ಎರಡು ಕೊಟ್ಟರು. ಹಲಗೆ ತುಂಬಿತು. ಇನ್ನೊಂದು ಹಲಗೆ ಹೊಡೆಸಿದರು. ಅದೂ ತುಂಬಿತು. ವ್ಯಾಪಾರಿ ಪ್ರತಿ ಶುಕ್ರವಾರ ಅಂಗಳದಲ್ಲಿ ನಿಂತು ಗಾಜಿನೊಳಗೆ ನೋಡುತ್ತಿದ್ದ. ವಸ್ತುಗಳು ಸೇರುತ್ತಿದ್ದವು, ಒಂದೂ ಕದಲುತ್ತಿರಲಿಲ್ಲ. ನಮ್ಮ ಊರಿನಲ್ಲಿ ಇನ್ನು ಇಲ್ಲದವರೇ ಇಲ್ಲ ಎಂದು ಅವನು ದೇವರನ್ನು ಸ್ತುತಿಸುತ್ತಿದ್ದ.

ಇಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ. “ಗಾಜು ಎಷ್ಟು ಅಗಲ ಮಾಸ್ತರರೇ? ಅಂಥದೊಂದನ್ನು ನಮ್ಮಲ್ಲೂ ಹಾಕಿಸಬಹುದಲ್ಲ. ಖರ್ಚು ನನಗಿರಲಿ.”

“ಕತೆ ಮುಗಿಯಲಿ,” ಎಂದರು ಮಾಸ್ತರರು. “ಆಮೇಲೆ ಅಳತೆ ಕೇಳು, ಹೇಳುತ್ತೇನೆ.”

ಆ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಆ ಶಾಲೆಯಲ್ಲಿ ಓದುತ್ತಿದ್ದಳು. ಕಿಟಕಿ ಬಂದ ಮೊದಲ ಶುಕ್ರವಾರ ತಾಯಿ ಮಗಳ ಚೀಲಕ್ಕೆ ಒಂದು ಹಿಡಿ ಅವಲಕ್ಕಿ ಹಾಕಿ ಕಳಿಸಿದಳು. ಹುಡುಗಿ ಅದನ್ನು ಹಲಗೆಯ ಮೇಲೆ ಇಟ್ಟಳು. ಅದಕ್ಕೂ ಹೆಸರಿನ ಚೀಟಿ ಅಂಟಿಸಿದರು. ಅವಲಕ್ಕಿಗಿಂತ ಚೀಟಿಯೇ ದೊಡ್ಡದಾಗಿ ಕಂಡಿತು. ಎರಡನೆಯ ಶುಕ್ರವಾರ ಹುಡುಗಿ ಖಾಲಿ ಚೀಲ ಹಿಡಿದು ಬಂದಳು. ಅಂದು ಅವಳು ತೆಗೆದುಕೊಳ್ಳಬೇಕಾಗಿತ್ತು. ಅಂಗಳದಲ್ಲಿ ಜನ ಇದ್ದರು. ಗಾಜು ಸ್ವಚ್ಛವಾಗಿತ್ತು. ಅವಳ ಸರದಿ ಬಂದಾಗ ಅವಳು ಸಾಲಿನಿಂದ ಹೊರಗೆ ಬಂದು ಮನೆಗೆ ನಡೆದಳು. ಮೂರನೆಯ ಶುಕ್ರವಾರ ಶಾಲೆಗೆ ಬರಲಿಲ್ಲ. ಆಮೇಲೆ ಉಳಿದ ದಿನಗಳಲ್ಲೂ ಬರುವುದನ್ನು ನಿಲ್ಲಿಸಿದಳು.

ಕೇಳಿದರೆ, ಮಗಳಿಗೆ ಹೊಲಿಗೆ ಕಲಿಸುತ್ತಿದ್ದೇನೆ ಎಂದಳು ತಾಯಿ. ಸ್ವಲ್ಪ ದಿನಕ್ಕೆ ಹಗ್ಗ ಹೊಸೆಯುವವನ ಮಕ್ಕಳೂ ಶಾಲೆ ಬಿಟ್ಟರು. ಅವರಿಗೆ ಜ್ವರವಂತೆ. ವಾರಗಳಾದರೂ ಆ ಜ್ವರ ಇಳಿಯಲಿಲ್ಲ.

ಹಲಗೆ ತುಂಬಿತ್ತು. ಬೆಂಚುಗಳು ಖಾಲಿಯಾಗುತ್ತಿದ್ದವು.

ಹೊಲಿಗೆಯವಳ ಮನೆಯಲ್ಲಿ ಒಲೆ ಸರಿಯಾಗಿ ಉರಿಯುತ್ತಿಲ್ಲ ಎಂದು ಯಾರೋ ವ್ಯಾಪಾರಿಗೆ ಹೇಳಿದರು. ಅವನಿಗೆ ಆಶ್ಚರ್ಯವಾಯಿತು. ಇಷ್ಟೊಂದು ಇಟ್ಟಿದ್ದೇವೆ, ಕೈ ಚಾಚಿದರೆ ಸಿಗುತ್ತದೆ, ಅವಳಿಗೆ ಏನು ಅಡ್ಡಿ ಎಂದುಕೊಂಡ. ಒಂದು ಶುಕ್ರವಾರ ಮಧ್ಯಾಹ್ನ ಹಲಗೆಯಿಂದ ಅಕ್ಕಿ, ಜೇನು, ಎಣ್ಣೆ ತೆಗೆದು ಬುಟ್ಟಿಗೆ ತುಂಬಿ, ತಾನೇ ಹೊತ್ತುಕೊಂಡು ಅವಳ ಮನೆಗೆ ಹೋದ.

“ತಂಗಿ, ಇದನ್ನು ಇಟ್ಟುಕೋ. ಮಗಳನ್ನು ಶಾಲೆಗೆ ಕಳಿಸು,” ಎಂದ.

ಅವಳು ಬುಟ್ಟಿಯನ್ನು ನೋಡಿದಳು. ಚೀಟಿಗಳನ್ನು ಒಂದೊಂದಾಗಿ ಓದಿದಳು. ಆ ಹೆಸರಿನವರ ಬಟ್ಟೆಗಳನ್ನೆಲ್ಲ ಹೊಲಿದವಳು ಅವಳೇ. ಒಳಗೆ ಹೋಗಿ ಒಂದು ಸಣ್ಣ ಪೊಟ್ಟಣ ತಂದಳು. ಅದರಲ್ಲಿ ಒಂದು ಹಿಡಿ ಒಣದ್ರಾಕ್ಷಿ. ಅದನ್ನು ನೆನೆಸಿ, ಹಿಂಡಿ, ಆ ಶರಬತ್ತಿನ ಮೇಲೆಯೇ ಶುಕ್ರವಾರ ಸಂಜೆಯ ಪ್ರಾರ್ಥನೆ ಹೇಳಬೇಕು. ಸಬ್ಬತ್ತಿಗೆಂದು ಅವಳ ಮನೆಯಲ್ಲಿ ಅಂದು ಇದ್ದದ್ದು ಅಷ್ಟೇ.

“ಅಣ್ಣ, ಮನೆಗೆ ಬಂದಿದ್ದೀರಿ. ಮೊದಲು ನೀವು ಇದನ್ನು ತೆಗೆದುಕೊಳ್ಳಿ.”

“ನನ್ನ ಮನೆಯಲ್ಲಿ ನಾಲ್ಕು ಮೂಟೆ ಒಣದ್ರಾಕ್ಷಿ ಬಿದ್ದಿದೆ ತಂಗಿ.”

“ಹಾಗಾದರೆ ಇದು ಐದನೆಯದು.”

“ನಾನು ಯಾರಿಂದಲೂ ಏನೂ ತೆಗೆದುಕೊಂಡವನಲ್ಲ.”

“ನೀವು ತೆಗೆದುಕೊಳ್ಳುವವರಲ್ಲ, ನಾನು ಮಾತ್ರ ತೆಗೆದುಕೊಳ್ಳಬೇಕು. ಹಾಗಿದ್ದರೆ ನನ್ನನ್ನು ತಂಗಿ ಎನ್ನಬೇಡಿ. ಬುಟ್ಟಿ ಎತ್ತಿಕೊಳ್ಳಿ.”

ವ್ಯಾಪಾರಿ ಹೊಸ್ತಿಲಲ್ಲಿ ನಿಂತ. ಕೊನೆಗೆ ಕೈ ಚಾಚಿದ. ಆದರೆ ಅವನಿಗೆ ಅದು ಅಭ್ಯಾಸವಿರಲಿಲ್ಲ. ಕೈ ಕವುಚಿಕೊಂಡೇ ಚಾಚಿದ, ಕೊಡುವವರ ಹಾಗೆ.

“ಅಂಗೈ ಮೇಲೆ ಮಾಡಿ ಅಣ್ಣ,” ಎಂದಳು ಅವಳು.

ಅವನು ಅಂಗೈ ಮೇಲೆ ಮಾಡಿದ. ಅವಳು ಪೊಟ್ಟಣ ಇಟ್ಟಳು. ಆಮೇಲೆ ಬುಟ್ಟಿಯ ಚೀಟಿಗಳನ್ನೆಲ್ಲ ಕಿತ್ತು, ಅವನ್ನೂ ಅವನ ಕೈಗೆ ಕೊಟ್ಟು, ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಅವನು ಬೀದಿಗೆ ಬಂದ. ಎದುರಿಗೆ ಪರಿಚಯದವರು ಸಿಕ್ಕರು. “ಕೈಯಲ್ಲೇನು ಸಾಹುಕಾರರೇ?” ಎಂದರು. ವ್ಯಾಪಾರಿ ಪೊಟ್ಟಣವನ್ನು ಶಲ್ಯದೊಳಗೆ ಸರಿಸಿಕೊಂಡ. “ಏನಿಲ್ಲ, ಏನಿಲ್ಲ,” ಎಂದ. ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟ. ನಾಲ್ಕು ಮೂಟೆ ಇದ್ದವನು ಒಂದು ಹಿಡಿಯನ್ನು ಬಚ್ಚಿಟ್ಟುಕೊಂಡಿದ್ದ.

ಅವನು ಮನೆಗೆ ಹೋಗಲಿಲ್ಲ. ನೇರವಾಗಿ ಶಾಲೆಗೆ ಹೋದ. ಹೊದ್ದ ಶಲ್ಯವನ್ನು ತೆಗೆದು ಕೋಣೆಯ ಬಾಗಿಲಿಗೆ ಕಟ್ಟಿದ. ಸುಣ್ಣದ ಡಬ್ಬ ತರಿಸಿ, ಕಿಟಕಿಯ ಗಾಜಿಗೆ ತನ್ನ ಕೈಯಾರೆ ಎರಡು ಸಲ ಬಳಿದ. ಹಲಗೆಯ ಚೀಟಿಗಳನ್ನೆಲ್ಲ ಕಿತ್ತು ಹಾಕಿದ. ಕೋಣೆ ಮತ್ತೆ ಕತ್ತಲೆಯಾಯಿತು.

ಮುಂದಿನ ಶುಕ್ರವಾರ ಮಕ್ಕಳ ಸಾಲಿನ ಕೊನೆಯಲ್ಲಿ ಅವನು ಒಂದು ಬಟ್ಟೆಯ ಚೀಲ ಹಿಡಿದು ನಿಂತಿದ್ದ. ತನ್ನ ಸರದಿ ಬಂದಾಗ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಚೀಲ ಹಿಡಿದು ಹೊರಗೆ ಬಂದ. ಅದರಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಬದುಕಿರುವವರೆಗೂ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಎರಡನೆಯ ವಾರ ಹಗ್ಗ ಹೊಸೆಯುವವನ ಮಕ್ಕಳ ಜ್ವರ ಇಳಿಯಿತು. ಮೂರನೆಯ ವಾರ ಸಾಲಿನಲ್ಲಿ ಅವನ ಮುಂದೆ ಹೊಲಿಗೆಯವಳ ಮಗಳು ನಿಂತಿದ್ದಳು.

ಹಲಗೆ ಮೊದಲಿನ ಹಾಗೆ ಅರ್ಧ ಖಾಲಿಯಾಯಿತು. ಖರ್ಜೂರಕ್ಕೆ ಮತ್ತೆ ಇರುವೆ ಹತ್ತಿತು.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ಗಾಜಿನ ಅಳತೆಯನ್ನು ನಾನು ಕೇಳಲಿಲ್ಲ. ಆದರೆ ಕಲ್ಲಿನ ಆಸೆ ಅಷ್ಟು ಬೇಗ ಬಿಡುವಂಥದಲ್ಲ.

“ಕತೆ ಚೆನ್ನಾಗಿದೆ ಮಾಸ್ತರರೇ,” ಎಂದೆ. “ಆದರೆ ಕಲ್ಲು ಬಂದಾಗಿದೆ. ಕೆತ್ತುವವನು ನಾಲ್ಕು ದಿನದಿಂದ ನನ್ನ ಮನೆಯಲ್ಲಿ ಉಣ್ಣುತ್ತಿದ್ದಾನೆ. ಹೀಗೇ ಉಂಡರೆ ಮೊದಲು ನನ್ನ ಅಡುಗೆಮನೆ ಕೆತ್ತಿ ಮುಗಿಸುತ್ತಾನೆ. ಅವನಿಗೆ ಯಾವ ಹೆಸರು ಹೇಳಲಿ?”

ಮಾಸ್ತರರು ನನ್ನ ಮುಖ ನೋಡಿದರು.

“ನಿನ್ನದೇ ಹೇಳು ಬುನಾಜಿ, ನೀನು ಕೊಟ್ಟದ್ದೆಲ್ಲ ನನಗೆ ಗೊತ್ತು, ಆ ಕೋಣೆಯಿಂದ ತೆಗೆದುಕೊಂಡದ್ದನ್ನು ನೀನೇ ಹೇಳು, ಎರಡನ್ನೂ ಕೆತ್ತಿಸೋಣ.”

ನಾನು ಮನೆಗೆ ಹೋಗಿ, ಯಾವ ಹೆಸರೂ ಬೇಡ ಎಂದು ಕೆತ್ತುವವನಿಗೆ ಹೇಳಿದೆ. ನನ್ನನ್ನು ಬಲ್ಲವರಿಗೆ ಇದನ್ನು ನಂಬುವುದು ಕಷ್ಟ. ಕೆತ್ತುವವನು ಮರುದಿನ ಉಳಿ ಕಟ್ಟಿಕೊಂಡು ತನ್ನ ಊರಿಗೆ ಹೋದ. ಕಲ್ಲನ್ನು ಶುಕ್ರವಾರದ ಕೋಣೆಗೆ ಮೆಟ್ಟಿಲಾಗಿ ಹಾಕಿದೆವು.

ಆಣೆ ಇಟ್ಟು ಶುರುಮಾಡಿದ್ದೇನೆ, ಎತ್ತಿನ ಮುಖ ನೋಡಬೇಕಲ್ಲ. ಮೇಲೆ ಒಂದೇ ಒಂದು ಸಣ್ಣ ವಿಷಯವನ್ನು ನಾನು ಕಟ್ಟಿ ಹೇಳಿದ್ದೇನೆ. ಆ ಕೋಣೆಗೆ ಇಡಲು ಮಾತ್ರ ಹೋದವನು ಎಂದೆನಲ್ಲ, ಅದು. ನಾನು ಮೂರನೆಯ ತರಗತಿಯಲ್ಲಿದ್ದ ವರ್ಷ ಅಪ್ಪ ಹಾಸಿಗೆ ಹಿಡಿದು ನಮ್ಮ ಗಾಣ ನಿಂತಿತ್ತು. ಶುಕ್ರವಾರ ಒಳಗೆ ಹೋಗುವಾಗ ಚೀಲ ತುಂಬಿದಂತೆ ಕಾಣಲಿ ಎಂದು ಅಪ್ಪನ ಹಳೆಯ ಕೋಟನ್ನು ಅದರೊಳಗೆ ತುರುಕಿಕೊಂಡು ಹೋಗುತ್ತಿದ್ದೆ. ಒಳಗೆ ಅಕ್ಕಿ ತುಂಬಿಕೊಂಡ ಮೇಲೆ ಚೀಲದಲ್ಲಿ ಕೋಟಿಗೆ ಜಾಗ ಇರುತ್ತಿರಲಿಲ್ಲ. ತೊಟ್ಟುಕೊಂಡು ಹೊರಗೆ ಬರುತ್ತಿದ್ದೆ. ಆ ವರ್ಷವಿಡೀ, ಪ್ರತಿ ಶುಕ್ರವಾರ, ಬರೀ ಅಂಗಿಯಲ್ಲಿ ಒಳಗೆ ಹೋದ ಹುಡುಗ ಮೊಣಕಾಲು ದಾಟುವ ಕೋಟಿನಲ್ಲಿ ಹೊರಗೆ ಬಂದ. ಸಾಲಿನಲ್ಲಿ ಮಕ್ಕಳೆಲ್ಲ ಇದ್ದರು. ಬಾಗಿಲ ಪಕ್ಕದಲ್ಲಿ ಮಾಸ್ತರರು ನಿಂತಿರುತ್ತಿದ್ದರು. ಒಬ್ಬರೂ, ಒಂದು ದಿನವೂ, ಏನೂ ಕೇಳಲಿಲ್ಲ.