ಕಿತ್ತಳೆಯ ಮೇಲೆ ಕೆನೆ

"ಗುರುಗಳೇ, ತೋಡಿ ರಾಗ ನನಗೆ ಪೂರ್ತಿ ಕೈವಶವಾಗುವ ತನಕ ತಾರಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಾರದು ಎಂದುಕೊಂಡಿದ್ದೇನೆ. ಇದು ತಪ್ಪೇ?" ಎಂದು ವನಜಾಕ್ಷಿ ಕೇಳಿದಳು.

ವನಜಾಕ್ಷಿ ಹದಿನಾಲ್ಕು ವರ್ಷದಿಂದ ಗುರುಗಳ ಬಳಿ ವೀಣೆ ಕಲಿಯುತ್ತಿದ್ದವಳು. ತಾರಿಣಿ ವನಜಾಕ್ಷಿಯ ಕೈಕೆಳಗೆ ಕಲಿತವಳು. ಬರುವ ತಿಂಗಳ ಕಛೇರಿಯಲ್ಲಿ ಇಬ್ಬರೂ ಕೂಡಿ ನುಡಿಸಲಿ ಎಂದು ಸಭೆಯವರು ಕೇಳಿದ್ದರು. ಈ ಸಲವೂ ಬೇಡವೆಂದರೆ ತಾರಿಣಿ ಬೇರೆ ಕಡೆ ಹೋಗುವುದು ಖಂಡಿತ.

ಗುರುಗಳು ವೀಣೆಯನ್ನು ಬದಿಗಿಟ್ಟು ಗೋಡೆಗೆ ಒರಗಿದರು. ಆಮೇಲೆ ಕತೆ ಹೇಳತೊಡಗಿದರು.

ಒಬ್ಬ ಗೃಹಿಣಿ ಇದ್ದಳು. ಕಾಲೇಜು ಮೆಟ್ಟಿಲು ಹತ್ತಿ ಬಿ.ಎಸ್‌ಸಿ. ಮುಗಿಸಿದವಳು. ಮನೆಯಲ್ಲಿ ಏನೇ ಮಾಡಲಿ, ಅಳತೆ, ಸಮಯ, ಫಲಿತಾಂಶ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವಳು. ಉಪ್ಪಿನಕಾಯಿ ಕೆಟ್ಟ ವರ್ಷ ಯಾವುದು, ಏಕೆ ಕೆಟ್ಟಿತು ಎಂಬುದಕ್ಕೂ ಅವಳಲ್ಲಿ ಲೆಕ್ಕವಿತ್ತು.

ಮಗನ ಮದುವೆಯಲ್ಲಿ ಬೀಗಿತ್ತಿ ಯಾರಿಗೋ ಹೇಳಿದ ಮಾತು ಅವಳ ಕಿವಿಗೆ ಬಿದ್ದಿತ್ತು: "ಓದಿದವರ ಮನೆಯಲ್ಲವೇ, ರುಚಿಯೆಲ್ಲ ಪುಸ್ತಕದಲ್ಲೇ ಉಳಿದಿರುತ್ತದೆ." ಈಗ ಮೂರು ತಿಂಗಳ ಮೇಲೆ ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು. ಬಿಸಿಲ ಕಾಲ. ಅಂಗಡಿಯಲ್ಲಿ ಸಿಗದಂಥ ಐಸ್ ಕ್ಯಾಂಡಿಯನ್ನು ಮನೆಯಲ್ಲೇ ಮಾಡಿ ಅವರ ಕೈಗೆ ಕೊಡಬೇಕೆಂದು ಗೃಹಿಣಿ ನಿಶ್ಚಯಿಸಿದಳು. ತುದಿಯಲ್ಲಿ ಕಿತ್ತಳೆ, ಬುಡದಲ್ಲಿ ಕೆನೆ, ನಡುವೆ ಗೀಟು ಎಳೆದಂಥ ಗೆರೆ.

ಮೊದಲ ಸಲ ಅಚ್ಚಿಗೆ ಕಿತ್ತಳೆ ರಸ ಹುಯ್ದು, ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟು, ಮೇಲೆ ಕೆನೆ ಹಾಕಿದಳು. ಎರಡೂ ಕಲಸಿಹೋಗಿ ಬಣ್ಣವೇ ಕೆಟ್ಟಿತು. "ಇಪ್ಪತ್ತು ನಿಮಿಷ. ಗೆರೆ ಇಲ್ಲ" ಎಂದು ಬರೆದಳು. ಎರಡನೆಯ ಸಲ ಆರು ಗಂಟೆ ಕಾದಳು. ಕಿತ್ತಳೆ ಕಲ್ಲಾಯಿತು. ಅದರೊಳಕ್ಕೆ ಕಡ್ಡಿ ಇಳಿಯಲಿಲ್ಲ. ಅವಳೇನೂ ಎದೆಗುಂದಲಿಲ್ಲ. ಸ್ಕೇಲು ಹಿಡಿದು ಕಡ್ಡಿಗಳನ್ನೇ ಎರಡು ಬೆರಳು ಮೋಟು ಮಾಡಿ, ಕಿತ್ತಳೆಯ ಮೇಲೆ ಆನಿಸಿ ನಿಲ್ಲಿಸಿ, ಸುತ್ತ ಕೆನೆ ತುಂಬಿದಳು. ಮರುದಿನ ಅಚ್ಚಿನಿಂದ ತೆಗೆದರೆ ಹನ್ನೆರಡಕ್ಕೆ ಹನ್ನೆರಡೂ ಒಂದೇ ಸಮ. "ಆರು ಗಂಟೆ. ಗೆರೆ ನೇರ" ಎಂದು ಬರೆದು ಅಡಿಗೆರೆ ಎಳೆದಳು. ಬೀಗರಿಗೆಂದು ಮೀಸಲಿಟ್ಟದ್ದು, ತಾನೂ ತಿನ್ನಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ.

ಸೊಸೆ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಅತ್ತೆ, ಕಿತ್ತಳೆ ಅರ್ಧ ಗಟ್ಟಿಯಾದಾಗಲೇ ಕಡ್ಡಿ ಚುಚ್ಚಿ ಕೆನೆ ಹಾಕಿದರಾಗದೇ?"

"ಗೆರೆ ಸೊಟ್ಟಗಾಗುತ್ತದೆ ಕಣಮ್ಮ. ನೀನು ಈ ಮನೆಗೆ ಬಂದು ಮೂರು ತಿಂಗಳು. ಈ ಪುಸ್ತಕಕ್ಕೆ ಇಪ್ಪತ್ತೆರಡು ವರ್ಷ."

"ಪುಸ್ತಕ ಇದುವರೆಗೆ ಒಂದನ್ನೂ ತಿಂದು ನೋಡಿಲ್ಲವಲ್ಲ ಅತ್ತೆ."

ಗೃಹಿಣಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಮಿಕ್ಕ ರಸ, ಕೆನೆ, ನಾಲ್ಕು ಉದ್ದದ ಕಡ್ಡಿ ಸೊಸೆಯ ಮುಂದಿಟ್ಟು, "ನಿನ್ನದೂ ಒಂದು ನಡೆಯಲಿ" ಎಂದಳು. ತೆಗೆದು ನೋಡಿದ ಹನ್ನೆರಡನ್ನೂ ಅತ್ತೆ ಮತ್ತೆ ಅಚ್ಚಿನಲ್ಲೇ ಇಟ್ಟಿದ್ದರಿಂದ ಅಚ್ಚು ಖಾಲಿ ಇರಲಿಲ್ಲ. ಸೊಸೆ ನಾಲ್ಕು ಸಣ್ಣ ಲೋಟ ತೆಗೆದುಕೊಂಡಳು. ಗಡಿಯಾರ ನೋಡಲಿಲ್ಲ. ಆಗಾಗ ಫ್ರೀಜರಿನ ಬಾಗಿಲು ತೆರೆದು ಕಡ್ಡಿ ಚುಚ್ಚಿ ನೋಡಿದಳು. ಕಡ್ಡಿ ವಾಲದೆ ತಾನಾಗಿ ನಿಂತ ಹೊತ್ತಿಗೆ ಕೆನೆ ಹುಯ್ದಳು. ಗಡಿಯಾರ ನೋಡಿಕೊಂಡವಳು ಅತ್ತೆ: ಒಂದು ಗಂಟೆ ಹತ್ತು ನಿಮಿಷ. ಲೋಟದಿಂದ ತೆಗೆದಾಗ ಗೆರೆ ಅಂಕುಡೊಂಕಾಗಿತ್ತು. ಒಂದು ಕಡೆ ಕೆನೆ ಕಿತ್ತಳೆಯೊಳಕ್ಕೆ ಬೆರಳಷ್ಟು ಇಳಿದಿತ್ತು.

ಬೀಗರು ಬರುವ ದಿನ ಬಂತು. ಎರಡು ದಿನದಿಂದ ಕೇಳುತ್ತಿದ್ದ ಗಂಡನಿಗೆ, ಹೋಗಲಿ ಪಾಪ ಎಂದು ಗೃಹಿಣಿ ತನ್ನ ಹನ್ನೆರಡರಲ್ಲಿ ಒಂದನ್ನು ಕೊಟ್ಟಳು. ಅವನು ಒಂದು ಸಲ ಕಚ್ಚಿದ. ಕಿತ್ತಳೆಯ ತುದಿ ಇಡಿಯಾಗಿ ಕಳಚಿ ಅವನ ಪಂಚೆಯ ಮೇಲೆ ಬಿತ್ತು. ಕೈಯಲ್ಲಿ ಮೋಟು ಕಡ್ಡಿ, ಅದರ ಸುತ್ತ ಕೆನೆ ಮಾತ್ರ ಉಳಿಯಿತು.

ಅವನು ಅದನ್ನು ತಿರುಗಿಸಿ ನೋಡಿ, "ಗೆರೆ ಮಾತ್ರ ಬಹಳ ನೇರವಾಗಿದೆ. ಸರಿಯಾಗಿ ಅಲ್ಲಿಗೇ ಮುರಿದಿದೆ" ಎಂದ.

ಅವಳು ಇನ್ನೊಂದನ್ನು ತಾನೇ ಕಚ್ಚಿದಳು. ಅದೂ ಕಳಚಿತು. ಮತ್ತೊಂದು, ಅದೂ ಹಾಗೆಯೇ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಂದವರು ನಾಲ್ಕು ಜನ. ಫ್ರೀಜರಿನಲ್ಲಿ ಅವಳವು ಒಂಬತ್ತು, ಸೊಸೆಯವು ನಾಲ್ಕು. ನೇರವಾದದ್ದನ್ನು ಕೊಟ್ಟರೆ ನೋಡಿದವರು ಬೆರಗಾಗುವರು, ಕಚ್ಚಿದವರು ನಗುವರು. ಸೊಟ್ಟದ್ದನ್ನು ಕೊಟ್ಟರೆ ಬೀಗಿತ್ತಿಯ ಹುಬ್ಬು ಮೊದಲೇ ಮೇಲೇರುವುದು. ಗೃಹಿಣಿ ಫ್ರೀಜರಿನ ಬಾಗಿಲು ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಸೊಟ್ಟ ಗೆರೆಯ ನಾಲ್ಕನ್ನೂ ತಟ್ಟೆಯಲ್ಲಿಟ್ಟು, ತಲೆ ಎತ್ತಿಕೊಂಡೇ ಹೊರಗೆ ತಂದಳು.

ಬೀಗಿತ್ತಿಯ ಹುಬ್ಬು ಏರಿತು. ಆದರೂ ತಿಂದಳು. ಮೊದಲು ಕಿತ್ತಳೆ, ಆಮೇಲೆ ಎರಡೂ ಕೂಡಿದ್ದು, ಆಮೇಲೆ ಕೆನೆ. ಒಂದು ತುಣುಕೂ ಕೆಳಗೆ ಬೀಳಲಿಲ್ಲ. ಬರಿದಾದ ಕಡ್ಡಿಯನ್ನು ತಟ್ಟೆಯಲ್ಲಿಟ್ಟು, "ನಡುವೆ ಇರುವುದೇ ರುಚಿ. ಯಾರು ಮಾಡಿದ್ದು?" ಎಂದು ಕೇಳಿದಳು.

ನಾನೇ ಎಂದಿದ್ದರೆ ಸೊಸೆ ಎದುರಾಡುತ್ತಿರಲಿಲ್ಲ. ರಸ ಹಿಂಡಿದವಳೂ ಅತ್ತೆ, ಕೆನೆಗೆ ಸಕ್ಕರೆ ಹಾಕಿದವಳೂ ಅತ್ತೆ.

"ನಿಮ್ಮ ಮಗಳು ಮಾಡಿದ್ದು. ನಾನು ಬರೆದಿಟ್ಟುಕೊಳ್ಳುತ್ತೇನೆ" ಎಂದಳು ಗೃಹಿಣಿ.

ಬೀಗರು ಹೊರಟ ಮೇಲೆ ನೋಟ್‌ಬುಕ್ ತೆರೆದಳು. ತಾನು ಬರೆದದ್ದನ್ನು ಅಳಿಸಲಿಲ್ಲ. ಅದರ ಕೆಳಗೆ ಸೊಸೆಯ ಹೆಸರು ಹಾಕಿ ಬರೆದಳು: "ಒಂದು ಗಂಟೆ ಹತ್ತು ನಿಮಿಷ. ಗೆರೆ ಸೊಟ್ಟ. ಒಂದನ್ನೊಂದು ಹಿಡಿದುಕೊಂಡಿದೆ."

ಗುರುಗಳು ಕತೆ ನಿಲ್ಲಿಸಿದರು.

ವನಜಾಕ್ಷಿ "ಕ್ಯಾಂಡಿಯ ಮಾತು ಸರಿ ಗುರುಗಳೇ. ಆದರೆ ವಿದ್ಯೆ ಬೇರೆ. ಅರ್ಧ ಬಲ್ಲವಳು ಇನ್ನೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಭೆಯ ಮುಂದೆ ತಪ್ಪಿದರೆ ಮಾನ ಉಳಿಯುತ್ತದೆಯೇ?" ಎಂದಳು.

ಗುರುಗಳು ವೀಣೆಯನ್ನು ಮತ್ತೆ ತೊಡೆಗೆ ಎಳೆದುಕೊಂಡರು.

"ಮೊದಲ ಸಲ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಡಿ ನುಡಿಸಿದಾಗ ನನಗೂ ಅದು ಅರ್ಧವೇ ಬರುತ್ತಿತ್ತು, ವನಜಾಕ್ಷಿ."