ಕಲ್ಲುಗಳ ನಡುವಿನ ರಾಗಿ

ಹೊಳೆಯ ಎರಡು ದಡದ ಊರುಗಳು ಬಂದೂಕು ಕೆಳಗಿಟ್ಟಾಗ, ಆಚೆ ಊರಿನಲ್ಲಿ ಉಳಿದಿದ್ದದ್ದು ಬೀಸುಕಲ್ಲಿನ ಮೇಲಿನ ಕಲ್ಲು ಮಾತ್ರ, ಈಚೆ ಊರಿನಲ್ಲಿ ಕೆಳಗಿನ ಕಲ್ಲು ಮಾತ್ರ. ಮಕ್ಕಳು ಎರಡೂ ಕಡೆ ಹಸಿದಿದ್ದರು. ಆಚೆಯ ದುರುಗವ್ವ ತನ್ನ ಕಲ್ಲನ್ನು ಹೊತ್ತು ತಂದು ಈಚೆಯ ಸಣ್ಣಕ್ಕನ ಅಂಗಳದಲ್ಲಿ ಇಳಿಸಿದಳು.

ಮೇಲಿನ ಕಲ್ಲು ಗುಡುಗಿತು: “ವೈರಿಯ ಮೇಲೆ ನಾನು ಕೂರುವುದಿಲ್ಲ. ಕೂತರೆ ತಿಕ್ಕಾಟ ತಪ್ಪದು.”

“ತಪ್ಪದು,” ಎಂದಿತು ಕೆಳಗಿನ ಕಲ್ಲು. “ನಮ್ಮ ಊರುಗಳು ನಡುವೆ ಒಂದು ಕಾಳೂ ಇಲ್ಲದೆ ತಿಕ್ಕಾಡಿ ತಾವೇ ಪುಡಿಯಾದವು. ನಾವು ನಡುವೆ ರಾಗಿ ಹಾಕಿಸಿಕೊಂಡು ತಿಕ್ಕಾಡೋಣ, ಬಾ.”

ದುರುಗವ್ವ ತನ್ನ ಕಲ್ಲನ್ನು ಕೆಳಗಿನ ಕಲ್ಲಿನ ಮೇಲೆ ಕೂರಿಸಿದಳು, ಸಣ್ಣಕ್ಕ ಒಂದು ಬೊಗಸೆ ರಾಗಿ ಸುರಿದಳು. ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸಿದರು. ಕಲ್ಲುಗಳು ಮೊದಮೊದಲು ಕಿರುಗುಟ್ಟಿದವು. ಆಮೇಲೆ ಸುತ್ತಲೂ ಹಿಟ್ಟು ಉದುರಿತು.

ಮೇಲಿನ ಕಲ್ಲು ಕೂಗಿತು: “ನಿಲ್ಲಿಸಬೇಡಿ! ಇನ್ನೊಂದು ಬೊಗಸೆ ಹಾಕಿ!”